ನೆಲಮಾಳಿಗೆಯ ಸುಖ

ಕಳೆದುಹೋದ ಕಾಲವನ್ನು ಹೊಗಳುವ ಚಾಳಿ ಮನುಷ್ಯನಷ್ಟೇ ಹಳೆಯದಾಗಿರಬೇಕು. ‘ನಮ್ಮ ಕಾಲದಲ್ಲಿ’ ಎಂದು ಆರಂಭವಾದ ಮಾತು ಎಲ್ಲಿಗೆ ಹೋಗಿ ಮುಟ್ಟುವುದೆಂಬುದು ಕೇಳುವವನಿಗೆ ಮೊದಲೇ ತಿಳಿದಿರುತ್ತದೆ. ಆಗ ತುಪ್ಪಕ್ಕೆ ತುಪ್ಪದ ವಾಸನೆಯಿತ್ತು. ಮಳೆ ತನ್ನ ನಕ್ಷತ್ರವನ್ನು ನೋಡಿಕೊಂಡು ಬರುತ್ತಿತ್ತು. ಮಕ್ಕಳು ಹಿರಿಯರ ಎದುರಿಗೆ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದುದು ನೆಲದ ದೂರವನ್ನು ಕುರಿತು. ಆದರೆ ಆ ಗಾದೆ ಕಾಲದ ದೂರಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ನೆಲದ ಮೇಲಿನ ಬೆಟ್ಟವಾದರೆ, ಸಂದೇಹವಿದ್ದವರು ಬುತ್ತಿ ಕಟ್ಟಿಕೊಂಡು ಹತ್ತಿರಕ್ಕೆ ಹೋಗಿ ಕಲ್ಲು ಮುಳ್ಳುಗಳನ್ನು ತುಳಿದು ಬರಬಹುದು. ಕಳೆದ ಕಾಲದ ಬೆಟ್ಟಕ್ಕೆ ಯಾವ ಬಸ್ಸೂ ಹೋಗುವುದಿಲ್ಲ. ಅದು ಎಂದೆಂದಿಗೂ ನುಣ್ಣಗೇ ಉಳಿಯುತ್ತದೆ.

ಈ ಬೆಟ್ಟವನ್ನು ದೂರದಿಂದ ತೋರಿಸಿ ಹಣ ಸಂಪಾದಿಸುವ ವಿದ್ಯೆಯಲ್ಲಿ ಅಮೆರಿಕದ ಟೆಲಿವಿಷನ್ನಿನವರನ್ನು ಮೀರಿಸಿದವರು ವಿರಳ. ಇಪ್ಪತ್ತು ವರ್ಷ ಕಳೆಯಿತೆಂದರೆ ಅವರು ಹಳೆಯ ದಶಕವೊಂದನ್ನು ಪೆಟ್ಟಿಗೆಯಿಂದ ಹೊರಕ್ಕೆ ತೆಗೆದು, ಧೂಳು ಕೊಡವಿ, ಇಸ್ತ್ರಿ ಮಾಡಿ, ಅದರೊಳಗೆ ಐದಾರು ಮಂದಿ ಹುಡುಗ ಹುಡುಗಿಯರನ್ನು ಕೂರಿಸಿ, ವಾರಕ್ಕೆ ಅರ್ಧ ಗಂಟೆಯಂತೆ ಜನರ ಮುಂದಿಡುತ್ತಾರೆ. ಅಂಥ ಧಾರಾವಾಹಿಗಳಲ್ಲಿ ಒಂದು ನಮ್ಮ ಮನೆಗೂ ಬಂದಿತು. ಅದನ್ನು ತಂದವನು ನನ್ನ ಭಾವಮೈದುನ. ಇಂಜಿನಿಯರಿಂಗ್ ಓದುತ್ತಿರುವ ಆತ ಭಾನುವಾರಗಳಲ್ಲಿ ಅಕ್ಕನ ಕೈಯಡುಗೆಯನ್ನು ನೆಪಮಾಡಿಕೊಂಡು ಬರುತ್ತಾನೆ. ಹಳಗನ್ನಡದ ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತಿದ್ದ ನನ್ನನ್ನು ನೋಡಿ ಆತನಿಗೆ ಕನಿಕರ ಹುಟ್ಟಿರಬೇಕು. “ಇದನ್ನು ನೋಡಿ ಭಾವ, ಸ್ವಲ್ಪ ನಗು ಬರುತ್ತದೆ” ಎಂದು ‘ದಟ್ ಸೆವೆಂಟೀಸ್ ಷೋ’ ಎಂಬುದನ್ನು ಹಚ್ಚಿಕೊಟ್ಟು ಊಟಕ್ಕೆ ಎದ್ದುಹೋದ. ನಗು ಬಂದುದು ನಿಜ. ಅದರ ಜೊತೆಗೆ ಇನ್ನೂ ಒಂದು ಬಂದಿತು; ಈ ಬರೆಹ ಅದನ್ನು ಕುರಿತದ್ದು.

ಈ ಧಾರಾವಾಹಿಯನ್ನು ಕಾಣದ ವಾಚಕರಿಗಾಗಿ ನಾಲ್ಕು ಮಾತು ಹೇಳಬೇಕು. ೧೯೯೮ರ ಆಗಸ್ಟಿನಲ್ಲಿ ಅಮೆರಿಕದ ಫಾಕ್ಸ್ ಜಾಲದಲ್ಲಿ ಆರಂಭವಾಗಿ ೨೦೦೬ರ ಮೇ ತಿಂಗಳಿನವರೆಗೆ ಎಂಟು ವರ್ಷ, ಇನ್ನೂರು ಕಂತುಗಳಲ್ಲಿ ಇದು ನಡೆಯಿತು. ಕಥೆ ನಡೆಯುವುದು ವಿಸ್ಕಾನ್ಸಿನ್ ಸಂಸ್ಥಾನದಲ್ಲಿ, ಪಾಯಿಂಟ್ ಪ್ಲೇಸ್ ಎಂಬ ಕಲ್ಪಿತ ಊರಿನಲ್ಲಿ. ಕಾಲ ೧೯೭೬ರ ಮೇ ತಿಂಗಳಿನಿಂದ ೧೯೭೯ರ ಕೊನೆಯ ರಾತ್ರಿಯವರೆಗೆ. ಮೂರೂವರೆ ವರ್ಷದ ಕಥೆಯನ್ನು ಎಂಟು ವರ್ಷ ಹೇಳಿದುದರಿಂದ ಆ ಹುಡುಗರ ಪಾಲಿಗೆ ಕ್ರಿಸ್ಮಸ್ ಹಬ್ಬಗಳು ಪಂಚಾಂಗಕ್ಕಿಂತ ಹೆಚ್ಚಾಗಿ ಬಂದವು! ಎರಿಕ್ ಫಾರ್ಮನ್ ಎಂಬ ಬಡಕಲು ಹುಡುಗ, ಪಕ್ಕದ ಮನೆಯ ಡೊನ್ನಾ, ತಂದೆತಾಯಿಗಳ ಆಸರೆಯಿಲ್ಲದ ಹೈಡ್, ರೂಪವನ್ನೇ ಬುದ್ಧಿಯೆಂದು ತಿಳಿದಿರುವ ಕೆಲ್ಸೊ, ಸಿರಿವಂತರ ಮಗಳು ಜಾಕಿ, ಪರದೇಶದಿಂದ ಓದಲು ಬಂದ ಫೆಜ್—ಈ ಆರು ಮಂದಿ ಎರಿಕನ ಮನೆಯ ನೆಲಮಾಳಿಗೆಯಲ್ಲಿ ಸದಾ ಸೇರಿರುತ್ತಾರೆ. ಅಲ್ಲೊಂದು ಹರಕಲು ಸೋಫಾ, ಬಟ್ಟೆ ಒಗೆಯುವ ಯಂತ್ರ, ಹಳೆಯ ಟೆಲಿವಿಷನ್. ಆಗಾಗ ಅವರು ದುಂಡಗೆ ಕೂರುತ್ತಾರೆ. ನಡುವೆ ಇರುವ ಕ್ಯಾಮೆರಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ತಿರುಗುತ್ತದೆ. ಕೋಣೆಯಲ್ಲಿ ಹೊಗೆ ತುಂಬಿರುತ್ತದೆ. ಆ ಹೊಗೆಯ ಮೂಲ ಯಾವುದೆಂಬುದನ್ನು ಧಾರಾವಾಹಿ ಬಾಯಿಬಿಟ್ಟು ಹೇಳುವುದಿಲ್ಲ. ಸಂಸಾರವಂದಿಗರು ಓದುವ ಪತ್ರಿಕೆಯಲ್ಲಿ ನಾನೂ ಹೇಳಬೇಕಾದುದಿಲ್ಲ.

ಪ್ರತಿ ಕಂತಿನ ಆರಂಭದಲ್ಲಿ ಈ ಮಕ್ಕಳು ದೊಡ್ಡದೊಂದು ಕಾರಿನಲ್ಲಿ ಹಾಡುತ್ತ ಹೋಗುತ್ತಾರೆ. ಅದು ೧೯೬೯ರ ಓಲ್ಡ್ಸ್‌ಮೊಬೀಲ್ ಕಂಪೆನಿಯ ವಿಸ್ಟಾ ಕ್ರೂಸರ್ ಎಂಬ ಸಂಸಾರಸ್ಥರ ಗಾಡಿ. ಮೊದಲ ಕಂತಿನಲ್ಲಿ ತಂದೆ ಆ ಕಾರನ್ನು ಮಗನಿಗೆ ಕೊಡುತ್ತಾನೆ, ಊರಿನ ಗಡಿ ದಾಟಕೂಡದೆಂಬ ಕಟ್ಟಳೆಯೊಡನೆ. ಮಕ್ಕಳು ಸಂಗೀತ ಕಚೇರಿಯೊಂದನ್ನು ಕೇಳಲು ಮಿಲ್ವಾಕೀ ನಗರದ ದಾರಿ ಹಿಡಿಯುತ್ತಾರೆಂಬುದನ್ನು ಊಹಿಸಲು ಹೆಚ್ಚು ಜಾಣತನ ಬೇಕಿಲ್ಲ. ಹಾಡು ಮುಗಿಯುವಾಗ ಕಾರಿನ ನಂಬರು ಹಲಗೆ ಕಾಣಿಸುತ್ತದೆ. ಅದರ ಮೂಲೆಯ ಚೀಟಿಯಲ್ಲಿರುವ ಅಂಕಿಯಿಂದ ಕಥೆಯಲ್ಲಿ ಯಾವ ವರ್ಷ ನಡೆಯುತ್ತಿದೆಯೆಂದು ಗೊತ್ತಾಗುತ್ತದೆ.

ಆ ಅಂಕಿ ನನ್ನನ್ನು ತುಸು ಹೊತ್ತು ತಡೆದು ನಿಲ್ಲಿಸಿತು. ೧೯೭೬! ಅಮೆರಿಕದವರು ಅದಕ್ಕೆ ಎರಡು ವರ್ಷ ಹಿಂದೆಯಷ್ಟೇ ತಮ್ಮ ಅಧ್ಯಕ್ಷ ನಿಕ್ಸನ್ ಅಪಮಾನದಿಂದ ರಾಜೀನಾಮೆ ಕೊಟ್ಟುದನ್ನು ಕಂಡಿದ್ದರು. ಒಂದು ವರ್ಷ ಹಿಂದೆ ವಿಯೆಟ್ನಾಮಿನ ಯುದ್ಧ ಸೋಲಿನಲ್ಲಿ ಮುಗಿದಿತ್ತು. ೧೯೭೩ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದ ಮೇಲೆ ಪೆಟ್ರೋಲಿಗಾಗಿ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಪೀಪಾಯಿಗೆ ಮೂರು ಡಾಲರಿನ ಆಸುಪಾಸಿನಲ್ಲಿದ್ದ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಗಿತ್ತು. ೧೯೭೫ರ ಮೇ ತಿಂಗಳಲ್ಲಿ ದುಡಿಯಬಲ್ಲ ನೂರು ಜನರಲ್ಲಿ ಒಂಬತ್ತು ಜನಕ್ಕೆ ಕೆಲಸವಿರಲಿಲ್ಲ. ಹಾಗಾದರೆ ಆ ವರ್ಷಗಳಲ್ಲಿ ಬದುಕಿದ್ದ ಜನರು ತಮ್ಮ ಕಾಲವನ್ನು ಸುವರ್ಣಯುಗವೆಂದು ಭಾವಿಸಿದ್ದರೆ? ಇಲ್ಲವೆಂಬುದಕ್ಕೆ ಟೆಲಿವಿಷನ್ನಿನ ಸಾಕ್ಷ್ಯವೇ ಇದೆ. ೧೯೭೬-೭೭ರ ಸಾಲಿನಲ್ಲಿ ಇಡೀ ಅಮೆರಿಕ ಅತಿ ಹೆಚ್ಚಾಗಿ ನೋಡಿದ ಧಾರಾವಾಹಿಯ ಹೆಸರು ‘ಹ್ಯಾಪಿ ಡೇಸ್’. ಅದು ೧೯೫೦ರ ದಶಕದ ಹುಡುಗರ ಕಥೆ!

ಇದರ ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಗ್ಯಾರಿ ಮಾರ್ಷಲ್ ರಚಿಸಿದ ‘ಹ್ಯಾಪಿ ಡೇಸ್’ ೧೯೭೪ರ ಜನವರಿಯಲ್ಲಿ ಆರಂಭವಾಗಿ ಹನ್ನೊಂದು ಸಾಲು ನಡೆಯಿತು. ಅದರ ಕಥೆಯೂ ವಿಸ್ಕಾನ್ಸಿನ್ನಿನದೇ, ಮಿಲ್ವಾಕೀ ನಗರದ್ದು. ಅಂದರೆ ಎರಿಕನ ಓರಗೆಯವರು ತಮ್ಮ ಕಷ್ಟಕಾಲವನ್ನು ಮರೆಯಲು ಇಪ್ಪತ್ತು ವರ್ಷ ಹಿಂದಿನ ತಮ್ಮದೇ ಸೀಮೆಯೊಳಕ್ಕೆ ಓಡಿಹೋಗುತ್ತಿದ್ದರು. ಅವರು ಬಿಟ್ಟು ಓಡಿದ ಆ ದಶಕವೇ ಮತ್ತೆ ಇಪ್ಪತ್ತು ವರ್ಷ ಕಳೆದ ಮೇಲೆ ಇನ್ನೊಂದು ಪೀಳಿಗೆಗೆ ಆಶ್ರಯಸ್ಥಾನವಾಯಿತು. ಒಬ್ಬರು ಬೇಸತ್ತು ಬಿಟ್ಟುಬಂದ ಮನೆಗೆ ಇನ್ನೊಬ್ಬರು ಮುಂಗಡ ಹಣ ಕೊಟ್ಟು ಬಾಡಿಗೆಗೆ ಹೋದಂತೆ.

ಆ ‘ಹ್ಯಾಪಿ ಡೇಸ್’ನ ಐವತ್ತರ ದಶಕವಾದರೂ ಹೇಗಿತ್ತು? ಅದರಲ್ಲಿ ಫಾಂಜಿ ಎಂಬ ಮೋಟಾರುಸೈಕಲ್ಲಿನ ತರುಣನೊಬ್ಬನಿದ್ದಾನೆ. ಆತ ಚರ್ಮದ ಕೋಟು ತೊಟ್ಟರೆ ಪುಂಡನಂತೆ ಕಂಡಾನೆಂದು ಹೆದರಿದ ಟೆಲಿವಿಷನ್ ಜಾಲದವರು ಮೊದಮೊದಲು ಬಟ್ಟೆಯ ಕೋಟನ್ನು ತೊಡಿಸಿದರು. ಆಮೇಲೆ, ಮೋಟಾರುಸೈಕಲ್ ಜೊತೆಗಿದ್ದಾಗ ಮಾತ್ರ ಚರ್ಮದ ಕೋಟು ತೊಡಬಹುದೆಂದು ಅಪ್ಪಣೆ ಕೊಟ್ಟರು. ಮುಂದೆ ಅದೇ ಕೋಟು ಆ ದೇಶದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. ಪುಂಡನಿಗೂ ಇಸ್ತ್ರಿ ಮಾಡಿದ ಕಾಲ ಅದು! ಆದರೆ ನಿಜವಾದ ೧೯೫೭ರಲ್ಲಿ, ಲಿಟ್ಲ್ ರಾಕ್ ಎಂಬ ನಗರದಲ್ಲಿ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳು ಬಿಳಿಯರ ಶಾಲೆಯ ಬಾಗಿಲನ್ನು ಪ್ರವೇಶಿಸಲು ಸೈನಿಕರ ಕಾವಲು ಬೇಕಾಯಿತು. ಅವರ ವಯಸ್ಸೂ ಹದಿಹರೆಯವೇ. ಅವರ ದಿನಗಳನ್ನು ಸುಖದ ದಿನಗಳೆಂದು ಕರೆಯುವ ಧೈರ್ಯ ಯಾರಿಗೂ ಆಗದು.

ಇಷ್ಟಾದ ಮೇಲೆ, ಇಂಥ ಧಾರಾವಾಹಿಗಳೆಲ್ಲ ಸುಳ್ಳಿನ ಕಂತೆಯೆಂದು ತೀರ್ಪು ಕೊಟ್ಟು ನಾನು ಉತ್ತರಪತ್ರಿಕೆಗಳಿಗೆ ಹಿಂದಿರುಗಬಹುದಿತ್ತು. ಹಿಂದಿರುಗಲು ಬಿಡದೆ ಇದ್ದುದು ಆ ಫಾರ್ಮನ್ನರ ಮನೆಯ ಮೆಟ್ಟಿಲು.

ಮನೆಯ ಕೆಳಗೆ ಮಕ್ಕಳಿದ್ದಾರೆ. ಮೇಲೆ ಅಡುಗೆಮನೆಯಲ್ಲಿ ತಂದೆತಾಯಿಗಳು, ರೆಡ್ ಮತ್ತು ಕಿಟ್ಟಿ. ಎರಡಕ್ಕೂ ನಡುವೆ ಒಂದು ಮರದ ಮೆಟ್ಟಿಲು. ಕಿಟ್ಟಿ ಒಗೆಯುವ ಬಟ್ಟೆಯ ಬುಟ್ಟಿಯನ್ನು ಹೊತ್ತುಕೊಂಡೋ ತಿಂಡಿಯ ತಟ್ಟೆಯನ್ನು ಹಿಡಿದುಕೊಂಡೋ ಇಳಿದು ಬರುತ್ತಾಳೆ. ತನ್ನ ವಿಚಿತ್ರವಾದ ನಗೆಯನ್ನು ನಕ್ಕು ಹತ್ತಿ ಹೋಗುತ್ತಾಳೆ. ರೆಡ್ ಇಳಿದು ಬಂದರೆ ಗದರುವುದಕ್ಕೆ. ಎರಡನೆಯ ಮಹಾಯುದ್ಧದಲ್ಲಿಯೂ ಕೊರಿಯಾದಲ್ಲಿಯೂ ಕಾದು ಬಂದ ಮನುಷ್ಯ ಆತ. ಮಗ ತಪ್ಪು ಮಾಡಿದಾಗಲೆಲ್ಲ ತನ್ನ ಬೂಟುಗಾಲನ್ನು ಮಗನ ಶರೀರದ ಯಾವ ಭಾಗದಲ್ಲಿ ಇಡುವೆನೆಂದು ಹೇಳಿ ಹೆದರಿಸುತ್ತಾನೆ. ಆ ಬೈಗುಳಕ್ಕೆ ಸಭಿಕರು ನಗುತ್ತಾರೆ. ನನ್ನ ಭಾವಮೈದುನನೂ ಬಿದ್ದು ಬಿದ್ದು ನಗುತ್ತಾನೆ. ಮೂವತ್ತೈದು ದಾಟಿದ, ಸಾಲ ಮಾಡಿ ಸ್ಕೂಟರು ಕೊಂಡ, ಮಗಳ ಶಾಲೆಯ ಶುಲ್ಕದ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡ ನನ್ನಂಥವನ ಕಣ್ಣು ಮಾತ್ರ ರೆಡ್‌ನ ಊಟದ ಡಬ್ಬಿಯ ಕಡೆಗೆ ಹೋಗುತ್ತದೆ.

ಏಕೆಂದರೆ ಈ ನಗೆಯ ನಡುವೆ, ಮೊದಲ ಸಾಲಿನಲ್ಲಿಯೇ, ರೆಡ್ ದುಡಿಯುತ್ತಿದ್ದ ಮೋಟಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಆತನ ಕೆಲಸದ ಗಂಟೆಗಳನ್ನು ಕಡಿಮೆ ಮಾಡುತ್ತಾರೆ. ಎರಡನೆಯ ಸಾಲಿನಲ್ಲಿ ಕಾರ್ಖಾನೆಯೇ ಮುಚ್ಚುತ್ತದೆ. ನರ್ಸಾಗಿ ದುಡಿಯುವ ಕಿಟ್ಟಿಯ ಸಂಬಳ ಮನೆಗೆ ಊರುಗೋಲಾಗುತ್ತದೆ. ಪಕ್ಕದ ಮನೆಯ ಬಾಬ್, ಅಂದರೆ ಡೊನ್ನಾಳ ತಂದೆ, ಗೃಹೋಪಯೋಗಿ ಯಂತ್ರಗಳ ಸಣ್ಣ ಅಂಗಡಿಯಿಟ್ಟುಕೊಂಡವನು. ಊರಿಗೆ ದೊಡ್ಡ ಮಳಿಗೆಯೊಂದು ಬಂದು ಆತನ ವ್ಯಾಪಾರಕ್ಕೆ ಕಲ್ಲು ಬೀಳುತ್ತದೆ. ಕೊನೆಗೆ ರೆಡ್‌ಗೆ ಕೆಲಸ ಸಿಕ್ಕುವುದು ಅದೇ ಮಳಿಗೆಯಲ್ಲಿ. ಯುದ್ಧನೌಕೆಯಲ್ಲಿದ್ದ ಮನುಷ್ಯ ತನಗಿಂತ ಚಿಕ್ಕವರ ನಡುವೆ ಮಳಿಗೆಯ ಅಂಗಿ ತೊಟ್ಟು ನಿಲ್ಲುತ್ತಾನೆ. ಮುಂದೆ ಆತನಿಗೆ ಹೃದಯಾಘಾತವಾದಾಗ ಎರಿಕ್ ಕಾಲೇಜಿಗೆ ಹೊರಡುವುದನ್ನು ನಿಲ್ಲಿಸಿ ಮನೆಯಲ್ಲಿ ಉಳಿಯುತ್ತಾನೆ. ಇವೆಲ್ಲವೂ ನಗೆಯ ಧಾರಾವಾಹಿಯ ಸಂಗತಿಗಳೆಂದರೆ ನಂಬುವುದು ಕಷ್ಟ.

ಇದರಲ್ಲಿ ಉತ್ಪ್ರೇಕ್ಷೆಯೂ ಇಲ್ಲ. ನಿಜವಾದ ವಿಸ್ಕಾನ್ಸಿನ್ನಿನಲ್ಲಿ ಕೆನೋಷಾ ಎಂಬ ಊರಿನ ಕಾರು ಜೋಡಣೆ ೧೯೮೮ರಲ್ಲಿ ನಿಂತಿತು. ಜೇನ್ಸ್‌ವಿಲ್ ಎಂಬ ಊರಿನ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ೨೦೦೮ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ, ಕೆಲಸ ನಿಂತಿತು. ಎರಿಕನ ಆ ದೊಡ್ಡ ಕಾರನ್ನು ಮಾಡಿದ ಓಲ್ಡ್ಸ್‌ಮೊಬೀಲ್ ಎಂಬ ಹೆಸರೇ ೨೦೦೪ರಲ್ಲಿ, ಧಾರಾವಾಹಿ ಇನ್ನೂ ನಡೆಯುತ್ತಿದ್ದಾಗಲೇ, ಇಲ್ಲದಂತಾಯಿತು. ಮಕ್ಕಳು ಮಾತ್ರ ಅದರಲ್ಲಿ ಕುಳಿತು ವಾರವಾರವೂ ಹಾಡುತ್ತಲೇ ಇದ್ದರು.

ಮೊದಲ ಸಾಲಿನ ಕೊನೆಯ ಹೊತ್ತಿಗೆ ಬರುವ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಹೈಡನ ತಾಯಿ ಮಗನನ್ನು ಬಿಟ್ಟು ಹೊರಟುಹೋಗುತ್ತಾಳೆ. ಹುಡುಗ ಯಾರಿಗೂ ಹೇಳದೆ ಆ ಹಾಳುಮನೆಯಲ್ಲಿ ಒಬ್ಬನೇ ಇರುತ್ತಾನೆ. ಇದು ತಿಳಿದಾಗ, ಕೆಲಸದ ಗಂಟೆ ಕಡಿಮೆಯಾಗಿ ತನ್ನ ಸಂಸಾರವನ್ನೇ ಹೇಗೆ ಸಾಗಿಸುವುದೆಂದು ಲೆಕ್ಕ ಹಾಕುತ್ತಿರುವ ರೆಡ್ ಆ ಹುಡುಗನನ್ನು ಕರೆತಂದು ತನ್ನ ನೆಲಮಾಳಿಗೆಯಲ್ಲಿ ಇರಿಸಿಕೊಳ್ಳುತ್ತಾನೆ. ಅದಕ್ಕೆ ಭಾಷಣವಿಲ್ಲ, ಕಣ್ಣೀರಿಲ್ಲ, ಎಂದಿನ ಗದರಿಕೆಯಷ್ಟೇ. ಅಂದಿನಿಂದ ಆ ಮನೆಯ ಊಟದ ಮೇಜಿಗೆ ಒಂದು ತಟ್ಟೆ ಹೆಚ್ಚಾಯಿತು. ನೆಲಮಾಳಿಗೆಯ ಸುಖವೆಂಬುದು ಎಲ್ಲಿಂದ ಬರುತ್ತದೆಂಬುದನ್ನು ಆ ಒಂದು ತಟ್ಟೆ ನನಗೆ ಹೇಳಿತು. ಕೆಳಗೆ ಕುಳಿತವರಿಗೆ ಕಾಲ ನಿಂತಂತೆ ತೋರುವುದಕ್ಕೆ ಕಾರಣ, ಮೇಲಿರುವ ಯಾರೋ ಇಬ್ಬರು ಅದನ್ನು ಹೆಗಲ ಮೇಲೆ ಹೊತ್ತು ನಿಂತಿರುತ್ತಾರೆ.

ಇದೇ ಮಾತನ್ನು ಇನ್ನಷ್ಟು ಮೆಲುದನಿಯಲ್ಲಿ ಹೇಳಿದ ಮತ್ತೊಂದು ಧಾರಾವಾಹಿಯುಂಟು. ೧೯೮೮ರಿಂದ ೧೯೯೩ರವರೆಗೆ ನಡೆದ ‘ದಿ ವಂಡರ್ ಇಯರ್ಸ್’ ತನಗಿಂತ ಸರಿಯಾಗಿ ಇಪ್ಪತ್ತು ವರ್ಷ ಹಿಂದಿನ ಕಾಲವನ್ನು ಚಿತ್ರಿಸುತ್ತದೆ. ಇದರಲ್ಲಿ ಸಭಿಕರ ನಗೆಯಿಲ್ಲ. ಕೆವಿನ್ ಎಂಬ ಹುಡುಗನ ಕಥೆಯನ್ನು ಹೇಳುವ ಧ್ವನಿ ಬೆಳೆದು ದೊಡ್ಡವನಾದ ಅದೇ ಕೆವಿನ್ನನದು. ಲೆಕ್ಕ ಹಾಕಿದರೆ ಆತನಿಗೂ ನನ್ನಂತೆಯೇ ಮೂವತ್ತರ ಮೇಲೆ ವಯಸ್ಸು. ಮೊದಲ ಕಂತಿನಲ್ಲಿಯೇ, ಆತ ಮೆಚ್ಚಿದ ಪಕ್ಕದ ಮನೆಯ ಹುಡುಗಿಯ ಅಣ್ಣ ವಿಯೆಟ್ನಾಮಿನಲ್ಲಿ ಮಡಿದ ಸುದ್ದಿ ಬರುತ್ತದೆ. ಆರಂಭದ ಕಂತುಗಳಲ್ಲೊಂದರಲ್ಲಿ ಕೆವಿನ್ ತಂದೆಯ ಕಚೇರಿಗೆ ಹೋಗುತ್ತಾನೆ. ಮನೆಯಲ್ಲಿ ಹುಲಿಯಂತಿದ್ದ ತಂದೆ ಅಲ್ಲಿ ಮೇಲಧಿಕಾರಿಯಿಂದ ಬೈಸಿಕೊಳ್ಳುವುದನ್ನು ಕಾಣುತ್ತಾನೆ. ಚಿಕ್ಕವನಾಗಿದ್ದಾಗ ನಕ್ಷತ್ರಗಳನ್ನು ನೋಡಿ ಹಡಗು ನಡೆಸುವ ಕಪ್ತಾನನಾಗಬೇಕೆಂಬ ಬಯಕೆ ತಂದೆಗಿದ್ದುದನ್ನು ಅಂದು ತಿಳಿಯುತ್ತಾನೆ. ಅಂದಿನ ರಾತ್ರಿ ತಂದೆ ಅಂಗಳದಲ್ಲಿ ದುರ್ಬೀನಿನ ಮುಂದೆ ನಿಂತಿರುತ್ತಾನೆ; ಮಗ ಹೋಗಿ ಪಕ್ಕದಲ್ಲಿ ನಿಲ್ಲುತ್ತಾನೆ. ಅಷ್ಟೇ.

ಈ ಕಂತನ್ನು ನೋಡಿದ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ನನ್ನ ತಂದೆಯವರು ದಾವಣಗೆರೆಯ ಹತ್ತಿಗಿರಣಿಯೊಂದರಲ್ಲಿ ದುಡಿಯುತ್ತಿದ್ದರು. ಗಿರಣಿಗಳಿಂದಾಗಿ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂದಿತ್ತು. ನಾನು ಬೆಳೆಯುವ ಹೊತ್ತಿಗೆ ಹೆಸರು ಉಳಿದು ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಾನು ಪಿ.ಯು.ಸಿ. ಓದುತ್ತಿದ್ದಾಗ ತಂದೆಯವರ ಗಿರಣಿಯ ಸರದಿ ಬಂದಿತು. ನಮ್ಮ ಮನೆಗೆ ನೆಲಮಾಳಿಗೆಯಿರಲಿಲ್ಲ. ಹಿತ್ತಲಿನಲ್ಲಿ ಸೌದೆ ಒಟ್ಟುವುದಕ್ಕೆಂದು ಹಾಕಿದ್ದ ತಗಡಿನ ಕೋಣೆಯಿತ್ತು. ಮನೆಗೆ ಗ್ಯಾಸ್ ಬಂದ ಮೇಲೆ ಸೌದೆ ಹೋಗಿ ಆ ಜಾಗಕ್ಕೆ ನಾವು ಐದು ಮಂದಿ ಹುಡುಗರು ಬಂದೆವು. ಹಳೆಯ ಟೇಪ್ ರೆಕಾರ್ಡರು, ಒಂದು ಚಾಪೆ, ಕ್ರಿಕೆಟ್ಟಿನ ವಾದ, ಮಂಡಕ್ಕಿಯ ಪೊಟ್ಟಣ: ಪ್ರಪಂಚದ ಸಮಸ್ತ ಭಾಗ್ಯವೂ ಅಲ್ಲಿತ್ತು. ಸಂಜೆ ಐದಕ್ಕೆ ಅವ್ವ ಐದು ಲೋಟ ಚಹಾ ತಂದು ಇಟ್ಟುಹೋಗುವಳು. ಗಿರಣಿ ನಿಂತ ಮೇಲೆಯೂ ಚಹಾ ಒಂದು ದಿನವೂ ತಪ್ಪಲಿಲ್ಲ.

ಕೆಲವು ವರ್ಷಗಳ ಹಿಂದೆ ಮನೆಗೆ ಸುಣ್ಣ ಬಳಿಸುವಾಗ ಅವ್ವನ ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಕ್ಯಾಲೆಂಡರಿನ ಹಾಳೆಗಳು ನನ್ನ ಕೈಗೆ ಬಂದವು. ಪ್ರತಿ ದಿನದ ಚೌಕದಲ್ಲಿಯೂ ಹಾಲಿನ ಲೆಕ್ಕ. ಗಿರಣಿ ನಿಂತ ತಿಂಗಳಿನವರೆಗೆ ದಿನಕ್ಕೆ ಒಂದು ಲೀಟರು ಇದ್ದುದು ಮುಂದಿನ ತಿಂಗಳಿನಿಂದ ಅರ್ಧಕ್ಕೆ ಇಳಿದಿತ್ತು. ಅರ್ಧ ಲೀಟರಿನಲ್ಲಿ ನಮಗೆ ಐದು ಲೋಟ ಹೇಗೆ ಬರುತ್ತಿತ್ತೆಂದು ಕೇಳಿದೆ. “ನಿಮ್ಮಪ್ಪಾಜಿಗೆ ಆಗ ಎದಿ ಉರಿ ಇತ್ತಲ್ಲೋ, ಅದಕ್ಕೇ ಚಾ ಬಿಟ್ಟಿದ್ರು” ಎಂದಳು ಅವ್ವ, ಸುಣ್ಣದ ಬಕೆಟ್ಟನ್ನು ಸರಿಸುತ್ತ. ಆ ಎದೆಯುರಿ ಹನ್ನೊಂದು ತಿಂಗಳು ಇದ್ದು, ತಂದೆಯವರಿಗೆ ದಲಾಲಿ ಅಂಗಡಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದ ತಿಂಗಳು ವಾಸಿಯಾಯಿತೆಂಬುದನ್ನು ಕ್ಯಾಲೆಂಡರಿನ ಹಾಳೆಗಳೇ ಹೇಳಿದವು. ಅವ್ವ ತಾನು ಏನು ಬಿಟ್ಟಿದ್ದಳೆಂಬುದನ್ನು ಯಾವ ಚೌಕದಲ್ಲಿಯೂ ಬರೆದಿರಲಿಲ್ಲ.

ಆ ವರ್ಷವನ್ನು ಇಂದಿಗೂ ನಾವು ಐವರು ಗೆಳೆಯರು ಸೇರಿದಾಗ ನಮ್ಮ ಜೀವನದ ಅತಿ ಸುಖದ ವರ್ಷವೆಂದೇ ಕೊಂಡಾಡುತ್ತೇವೆ. ಅದು ಸುಳ್ಳಲ್ಲ. ಸುಖ ನಿಜವಾಗಿಯೂ ಇತ್ತು. ತಗಡಿನ ಕೋಣೆಯ ವರ್ಷವೂ ಎದೆಯುರಿಯ ವರ್ಷವೂ ಒಂದೇ ಕ್ಯಾಲೆಂಡರಿನಲ್ಲಿ ಇದ್ದವು; ನಾವು ಓದುತ್ತಿದ್ದುದು ಅದರಲ್ಲಿನ ರಜೆಯ ದಿನಗಳನ್ನು. ಅಮೆರಿಕದ ಊರೊಂದರ ಕಥೆ, ನಾನು ಎಂದೂ ಕಾಣದ ಹಿಮದ ಸೀಮೆಯ ಕಥೆ, ದಾವಣಗೆರೆಯ ಹಿತ್ತಲಿನವರೆಗೆ ನನ್ನನ್ನು ಕರೆತಂದುದು ಈ ದಾರಿಯಿಂದ.

ಹಾಗೆಂದು ಈ ಧಾರಾವಾಹಿ ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡಿದೆಯೆಂದು ಹೇಳಲಾರೆ. ಫೆಜ್ ಎಂಬ ಆ ಪರದೇಶದ ಹುಡುಗನ ಊರು ಯಾವುದೆಂದು ಇನ್ನೂರು ಕಂತುಗಳಲ್ಲಿಯೂ ಹೇಳುವುದಿಲ್ಲ. ಆತ ತನ್ನ ನಿಜವಾದ ಹೆಸರನ್ನು ಹೇಳುವಾಗ ಶಾಲೆಯ ಗಂಟೆ ಬಾರಿಸಿಬಿಡುತ್ತದೆ. ಮೊದಲ ಸಲ ಅದು ನಗೆ ತರಿಸುತ್ತದೆ. ಎಂಟು ವರ್ಷ ಅದೇ ಹಾಸ್ಯ ನಡೆದಾಗ, ದೂರದ ನಾಡಿನಲ್ಲಿ ಮಕ್ಕಳನ್ನು ಓದಲು ಬಿಟ್ಟಿರುವ ನಮ್ಮ ಎಷ್ಟೋ ಮನೆಗಳ ತಾಯಂದಿರು ಕೇಳಬಹುದಾದ ಒಂದು ಪ್ರಶ್ನೆ ಏಳುತ್ತದೆ: ಈ ಹುಡುಗನಿಗೂ ಎಲ್ಲಿಯೋ ಒಂದು ಮನೆಯಿರಬೇಕಲ್ಲ, ಅಲ್ಲಿಯೂ ಮೆಟ್ಟಿಲಿನ ಮೇಲೆ ಯಾರೋ ನಿಂತಿರಬೇಕಲ್ಲ? ಇನ್ನು, ಕಥೆ ಆರಂಭವಾಗುವ ೧೯೭೬ರ ಜನವರಿಯಲ್ಲಿಯೇ, ಮಕ್ಕಳು ಸಂಗೀತ ಕೇಳಲು ಹೊರಟ ಅದೇ ಮಿಲ್ವಾಕೀ ನಗರದ ಶಾಲೆಗಳಲ್ಲಿ ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರ್ಪಡಿಸಿಟ್ಟಿರುವುದು ಕಾನೂನಿಗೆ ವಿರುದ್ಧವೆಂದು ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಪಾಯಿಂಟ್ ಪ್ಲೇಸಿನ ನೆಲಮಾಳಿಗೆಗೆ ಆ ಸುದ್ದಿ ಇಳಿಯುವುದಿಲ್ಲ. ನೆನಪು ತನಗೆ ಬೇಕಾದವರಿಗಷ್ಟೇ ಚಾಪೆ ಹಾಸುತ್ತದೆ.

ನೆನಪಿನ ಈ ಸರಕನ್ನು ಬೇರೆ ಊರಿಗೆ ಸಾಗಿಸಲು ಹೊರಟವರೂ ಉಂಟು. ೧೯೯೯ರಲ್ಲಿ ಇಂಗ್ಲೆಂಡಿನವರು ‘ಡೇಸ್ ಲೈಕ್ ದೀಸ್’ ಎಂಬ ಹೆಸರಿನಿಂದ ಇದೇ ಕಥೆಯನ್ನು ಲ್ಯೂಟನ್ ಪಟ್ಟಣಕ್ಕೆ ತಂದರು. ಊರು ಬದಲಾಯಿತು, ವಸ್ತುಗಳು ಬದಲಾದವು; ಮಾತುಗಳು ಬಹುಮಟ್ಟಿಗೆ ಅಮೆರಿಕದವೇ. ಜನ ಮೆಚ್ಚಲಿಲ್ಲ, ಬೇಗನೆ ನಿಂತುಹೋಯಿತು. ಒಬ್ಬರ ಮನೆಯ ಜಗಳವನ್ನು ಇನ್ನೊಬ್ಬರ ಮನೆಯಲ್ಲಿ ಬಾಯಿಪಾಠ ಒಪ್ಪಿಸಿದರೆ ಅದು ಜಗಳವೆನಿಸುತ್ತದೆಯೆ?

೨೦೨೩ರಲ್ಲಿ ನೆಟ್‌ಫ್ಲಿಕ್ಸಿನವರು ಇದರ ಮುಂದಿನ ಪೀಳಿಗೆಯನ್ನು ತೆರೆಗೆ ತಂದರು. ‘ದಟ್ ನೈಂಟೀಸ್ ಷೋ’ ಎಂಬ ಆ ಧಾರಾವಾಹಿಯ ಕಥೆ ೧೯೯೫ರಲ್ಲಿ ಆರಂಭವಾಗುತ್ತದೆ. ಎರಿಕ್ ಮತ್ತು ಡೊನ್ನಾ ಈಗ ಗಂಡಹೆಂಡಿರು. ಅವರ ಮಗಳು ಬೇಸಗೆಯ ರಜೆಗೆ ಅಜ್ಜ ಅಜ್ಜಿಯ ಮನೆಗೆ ಬರುತ್ತಾಳೆ. ಅದೇ ನಟನಟಿಯರಾದ ಕರ್ಟ್‌ವುಡ್ ಸ್ಮಿತ್ ಮತ್ತು ಡೆಬ್ರಾ ಜೋ ರಪ್, ತಲೆ ನರೆತ ರೆಡ್ ಕಿಟ್ಟಿಯರಾಗಿ, ಅದೇ ಅಡುಗೆಮನೆಯಲ್ಲಿದ್ದಾರೆ. ನೆಲಮಾಳಿಗೆಯಲ್ಲಿ ಮತ್ತೆ ಮಕ್ಕಳ ಗದ್ದಲ ಕೇಳಿ ಕಿಟ್ಟಿಗೆ ಆದ ಸಂತೋಷ ಹೇಳತೀರದು. ಮಗಳ ಮೇಲೆ ಸಿಡುಕಿದಾಗ ಎರಿಕನ ಬಾಯಿಂದ ಹೊರಡುವುದು ರೆಡ್‌ನದೇ ಧಾಟಿ. ಆದರೆ ಈ ಹೊಸ ಧಾರಾವಾಹಿ ೨೦೨೪ರಲ್ಲಿಯೇ ನಿಂತುಹೋಯಿತು. ಅದರ ಗುಣದೋಷಗಳ ವಿಚಾರ ಇಲ್ಲಿ ಬೇಡ. ನಮ್ಮ ಈಗಿನ ದಿನಗಳೂ ಇಪ್ಪತ್ತು ವರ್ಷ ಕಳೆದ ಮೇಲೆ ಹೀಗೆಯೇ ಇಸ್ತ್ರಿಯಾಗಿ ಬರುವುದರಲ್ಲಿ ಸಂದೇಹವಿಲ್ಲ. ನಾವು ಗೊಣಗುವ ಬೆಲೆಯೇರಿಕೆ, ಮಕ್ಕಳು ಕೈಯಿಂದ ಕೆಳಗಿಡದ ಮೊಬೈಲು, ತಿಂಗಳ ಕೊನೆಯ ಕಂತು, ಇವೆಲ್ಲದರ ನಡುವೆ ಇಂದು ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಗೆಳತಿಯರೊಡನೆ ನಗುತ್ತಿರುವ ನನ್ನ ಮಗಳು ‘ಆಹಾ, ಎಂಥ ಕಾಲ’ ಎಂದು ನಿಟ್ಟುಸಿರಿಡುವ ದಿನ ಬರುತ್ತದೆ. ಬರಲಿ. ಆಕೆಗೆ ಈಗಲೇ ಹಾಲಿನ ಲೆಕ್ಕ ತಿಳಿಯಬೇಕೆಂಬ ಆಸೆ ನನಗಿಲ್ಲ.

ಮೂಲ ಧಾರಾವಾಹಿಯ ಕೊನೆಯ ಕಂತು ೧೯೭೯ರ ಡಿಸೆಂಬರ್ ೩೧ರಂದು ನಡೆಯುತ್ತದೆ. ದೂರ ಹೋಗಿದ್ದ ಎರಿಕ್ ಹಿಂದಿರುಗಿದ್ದಾನೆ. ಗೆಳೆಯರು ಕಡೆಯ ಬಾರಿ ನೆಲಮಾಳಿಗೆಯಲ್ಲಿ ದುಂಡಗೆ ಕುಳಿತು ಎಂದಿನಂತೆ ಹುಚ್ಚುಮಾತುಗಳನ್ನಾಡುತ್ತಾರೆ. ಅರ್ಧರಾತ್ರಿ ಹತ್ತಿರವಾಗುತ್ತದೆ. ಆಗ ಅವರೆಲ್ಲರೂ ಎದ್ದು, ಒಬ್ಬರನ್ನೊಬ್ಬರು ತಳ್ಳಿಕೊಂಡು, ರೆಡ್ ಮತ್ತು ಕಿಟ್ಟಿ ಇರುವ ಕಡೆಗೆ ಮೆಟ್ಟಿಲು ಹತ್ತಿ ಓಡುತ್ತಾರೆ. ಹೊಸ ವರ್ಷಕ್ಕಾಗಿ ಎಣಿಕೆ ನಡೆಯುತ್ತದೆ. ೧೯೮೦ ಕಾಲಿಡುವ ಮುನ್ನ ಕಥೆ ಮುಗಿಯುತ್ತದೆ. ಎಂಟು ವರ್ಷ ಆ ಮೆಟ್ಟಿಲನ್ನು ಇಳಿದು ಬಂದವರು ತಾಯಿತಂದೆಗಳು. ಹತ್ತುವ ಸರದಿ ಈಗ ಮಕ್ಕಳದು.